ಡಬ್ಬಿ ತುಂಬಿದೆ

‘ಕುಶಾಲ್ ಅವರೇ, ನಿಮ್ಮ ಡಬ್ಬಿ ತುಂಬಿದೆ. ದಯವಿಟ್ಟು ಇವತ್ತೇ ಖಾಲಿ ಮಾಡಿ.’

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಗಗನಾ ಕಳಿಸಿದ ಮೆಸೇಜು ಇಷ್ಟೇ. ಒಂದು ಗಂಟೆಗೆಲ್ಲ ಆಸಾಮಿ ಕಂಪನಿಯ ಪಾಯಾ ಲೆಬಾರ್ ಆಫೀಸಿನಿಂದ ಎಂಆರ್‌ಟಿ ರೈಲು ಹಿಡಿದು ಚಾಂಗಿ ಬಿಸಿನೆಸ್ ಪಾರ್ಕಿನ ಅವಳ ಆಫೀಸಿಗೆ ಬಂದೇಬಿಟ್ಟ, ಕೈಯಲ್ಲೊಂದು ಬಟ್ಟೆ ಚೀಲ ಬೇರೆ.

“ಎಲ್ಲಿದೆ ರೀ ನನ್ನ ಡಬ್ಬಿ? ಹೋದ ತಿಂಗಳು ಮೀಟಿಂಗಿಗೆ ಬಂದಾಗ ಪ್ಯಾಂಟ್ರಿಲಿ ಮರ್ತು ಹೋಗಿದ್ದೆ. ಒಳಗೆ ಬಿಸಿಬೇಳೆಬಾತ್ ಇತ್ತು. ಮೂಗು ಮುಚ್ಕೊಂಡಾದ್ರೂ ನಾನೇ ತೊಳೀತೀನಿ, ಸಾರಿ.”

ಗಗನಾ ನಕ್ಕಳು. ತಡೆಯಲು ನೋಡಿದಷ್ಟೂ ನಗು ಉಕ್ಕಿ ಬಂತು. ಅವನ ಕಿವಿ ಕೆಂಪಾಗುವುದನ್ನು ನೋಡಿ ಇನ್ನೂ ನಕ್ಕಳು.

ಅವಳ ಟೀಮಿನಲ್ಲಿ ಡಬ್ಬಿ ಅಂದರೆ ಕಂಟೇನರ್. ಒಂದು ದೊಡ್ಡ ಸರ್ವರಿನೊಳಗೆ ಅಡ್ಡಗೋಡೆ ಎಬ್ಬಿಸಿ ಮಾಡಿದ ಪುಟ್ಟ ಕೋಣೆಗಳು, ಒಂದೊಂದರಲ್ಲಿ ಒಂದೊಂದು ಪ್ರೋಗ್ರಾಮು. ಡಿಸ್ಕ್ ಮಾತ್ರ ಎಲ್ಲಕ್ಕೂ ಸೇರಿ ಒಂದೇ. ಒಬ್ಬನೇ ಹೊಟ್ಟೆಬಾಕ ಎಲ್ಲ ಜಾಗ ನುಂಗಿದರೆ ಪಕ್ಕದವರಿಗೆ ಉಪವಾಸ. ಹೋದ ವಾರ ಹಾಗೇ ಆಗಿ ಅರ್ಧ ದಿನ ಕೆಲಸ ನಿಂತಿತ್ತು. ಮ್ಯಾನೇಜರ್ ದ್ವಾರಕನಾಥ್, “ಅತಿಯಾದ್ರೆ ಅಮೃತವೂ ವಿಷ. ಶುಕ್ರವಾರದೊಳಗೆ ಪ್ರತಿ ಡಬ್ಬಿಗೂ ಹತ್ತು ಜಿಬಿ ಲಿಮಿಟ್ ಹಾಕಿ” ಎಂದಿದ್ದರು. ಉಳಿದವೆಲ್ಲ ಒಂದೆರಡು ಜಿಬಿಯಲ್ಲಿದ್ದವು. ‘ಕುಶಾಲ್-ಡಬ್ಬಿ’ ಒಂದೇ ಒಂಬತ್ತು ದಾಟಿ ದಿನದಿನಕ್ಕೆ ಊದುತ್ತಿತ್ತು.

ವಿಷಯ ಕೇಳಿ ಕುಶಾಲನ ಮುಖ ಬಿಳುಚಿತು. “ಅದನ್ನ ಹೋದ ವರ್ಷವೇ ಡಿಲೀಟ್ ಮಾಡಿದ್ನಲ್ಲ!”

ತೆರೆದು ನೋಡಿದರು. ಒಳಗೆ ಪ್ರೋಗ್ರಾಮು ಇರಲಿಲ್ಲ, ಒಂದೇ ಒಂದು ಫೈಲಿತ್ತು. ಅದರ ಕೊನೆಯಲ್ಲಿ ರಾಮಕೋಟಿ ಬರೆಯುವವರ ಹಾಗೆ ಒಂದೇ ಸಾಲನ್ನು ಲಕ್ಷಾಂತರ ಸಲ ಬರೆದಿತ್ತು: ‘ಅವನು ಬಟ್ಟೆ ಚೀಲ ಹಿಡಿದು ಬಂದ. ಗಗನಾ ನಕ್ಕಳು.’

ಆ ಸಾಲು ಬರೆಯಲು ಶುರುವಾದ ಸಮಯ ಇವತ್ತು ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷ. ಅವಳು ಮೆಸೇಜು ಕಳಿಸುವುದಕ್ಕೂ ಮೊದಲು. ಎಸಿ ತಣ್ಣಗಿತ್ತು ನಿಜ, ಆದರೆ ಅವಳ ಕುತ್ತಿಗೆಯ ಹಿಂದೆ ಹರಿದಾಡಿದ ಚಳಿ ಎಸಿಯದ್ದಾಗಿರಲಿಲ್ಲ.

ಕಾರಣ ಹುಡುಕಲೆಂದು ದ್ವಾರಕನಾಥ್ ಇಬ್ಬರನ್ನೂ ವಾರಪೂರ್ತಿ ಒಂದೇ ಮೇಜಿಗೆ ಕೂರಿಸಿದರು. ಕಾರಣ ಸಿಗಲಿಲ್ಲ, ಸಾಲುಗಳು ಮಾತ್ರ ಸಿಕ್ಕವು. ದಿನಾ ಹತ್ತು ಹತ್ತಕ್ಕೆ ಹೊಸದೊಂದು ಸಾಲು, ಸಂಜೆಯೊಳಗೆ ಅದು ನಿಜ. ಮಂಗಳವಾರ ‘ಇಬ್ಬರ ಬೆರಳೂ ಒಂದೇ ಬಟನ್ ಮೇಲೆ ಬಿತ್ತು’ ಎಂದಿತ್ತು. ಲಿಫ್ಟಿನಲ್ಲಿ ಬಿತ್ತು. ಅವನು ಬೆರಳು ತೆಗೆಯಲು ಒಂದು ಗಳಿಗೆ ತಡ ಮಾಡಿದ, ಅವಳೂ ಅವಸರ ಮಾಡಲಿಲ್ಲ.

ಬುಧವಾರ ‘ಗಗನಾ ಅವನ ಕಾಫಿ ಕುಡಿದಳು’ ಎಂದು ಬಂತು. ಇವತ್ತು ಇದರ ಆಟ ನಡೆಯಗೊಡುವುದಿಲ್ಲ ಎಂದುಕೊಂಡು ಅವಳು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ತನ್ನ ಕಪ್ಪನ್ನು ಎಡಗಡೆ ದೂರ ಇಟ್ಟುಕೊಂಡಳು. ಅವನು ತನ್ನ ಅಜ್ಜಿಯ ಜಿಪುಣತನದ ಕಥೆ ಹೇಳುತ್ತಿದ್ದ, ಅವಳು ಅವನ ಕಣ್ಣನ್ನೇ ನೋಡುತ್ತಿದ್ದಳು. ಒಂದು ಗುಟುಕು ಕುಡಿದಾದ ಮೇಲೆ ಗೊತ್ತಾಯಿತು, ಕಪ್ಪು ಅವನದು.

ಗುರುವಾರ ಇದ್ದದ್ದು ಎರಡೇ ಪದ: ‘ಗಗನಾಗೆ ಭಯವಾಯಿತು.’ ಅದನ್ನು ಓದಿಯೇ ಭಯವಾಯಿತು. ಅಲ್ಲಿಗೆ ಅದೂ ನಿಜವಾಯಿತು.

“ನಂಗೆ ಭೂತದ ಭಯ ಅಲ್ಲ ಕುಶಾಲ್,” ಎಂದಳು. “ನಿಮ್ಮನ್ನ ನೋಡಿದ್ರೆ ನಗು ಬರತ್ತೆ. ಅದು ನನ್ನ ನಗುನಾ, ಇಲ್ಲಾ ಇದು ಬರೆದಿದೆ ಅಂತ ನಗ್ತಿದೀನಾ? ಅದೇ ಗೊತ್ತಾಗ್ತಿಲ್ಲ.”

ಕುಶಾಲ್ ಕೈಚಾಚಿ ಆ ಫೈಲನ್ನು ಮುಚ್ಚಿದ.

ಶುಕ್ರವಾರ ಹತ್ತಕ್ಕೆ ಸರಿಯಾಗಿ ಗಗನಾ ಲಿಮಿಟ್ ಹಾಕಿದಳು. ಆ ಡಬ್ಬಿ ಆಗಲೇ ಹತ್ತು ಜಿಬಿಯ ಅಂಚಿನಲ್ಲಿತ್ತು. ಹತ್ತು ಹತ್ತಕ್ಕೆ ಹೊಸ ಸಾಲು ಮೂಡಿತು:

‘ಸಂಜೆ ಎಕ್ಸ್‌ಪೋ ಸ್ಟೇಷನ್ನಿನಲ್ಲಿ ಗಗನಾ ಕುಶಾಲನಿಗೆ ಹೇಳಿದಳು: ನೀ’

ಅಷ್ಟೇ. ಕೆಳಗೆ ಕೆಂಪಕ್ಷರದಲ್ಲಿ, ಜಾಗ ಮುಗಿದಿದೆ ಎಂಬ ಸೂಚನೆ.

ಇಬ್ಬರೂ ಆ ‘ನೀ’ಯನ್ನೇ ನೋಡುತ್ತ ಕೂತರು. ನೀವು ಎಂದೋ, ನೀನು ಎಂದೋ? ಒಂದಕ್ಷರದಲ್ಲಿ ಎಷ್ಟು ದೂರ!

“ಲಿಮಿಟ್ ಒಂಚೂರು ಜಾಸ್ತಿ ಮಾಡಿದ್ರೆ ಪೂರ್ತಿ ಗೊತ್ತಾಗತ್ತೆ,” ಎಂದ ಕುಶಾಲ್, ದನಿ ತಗ್ಗಿಸಿ.

ಅವಳ ಬೆರಳು ಕೀಬೋರ್ಡಿನ ಮೇಲೆ ಹೋಯಿತು. ಒಂದೇ ಕಮಾಂಡು ಸಾಕಿತ್ತು. ಆಸೆಯೂ ಇತ್ತು. ಆದರೆ ಮುಂದಿನ ಮಾತನ್ನು ಓದಿ ಹೇಳುವುದಕ್ಕಿಂತ ಹೇಳದೇ ಇರುವುದೇ ವಾಸಿ ಎನ್ನಿಸಿತು. “ಎಲ್ಲರಿಗೂ ಹತ್ತೇ,” ಎಂದು ಸ್ಕ್ರೀನ್ ಮುಚ್ಚಿದಳು.

ಸಂಜೆ ಎಕ್ಸ್‌ಪೋ ಪ್ಲಾಟ್‌ಫಾರ್ಮಿನಲ್ಲಿ ಎರಡು ರೈಲು ಬಂದು ಹೋದವು. ಇಬ್ಬರೂ ಹತ್ತಲಿಲ್ಲ. ಸೋಮವಾರದಿಂದ ಕುಶಾಲ್ ತಿರುಗಿ ಪಾಯಾ ಲೆಬಾರಿಗೆ. ಡಬ್ಬಿಯ ನೆಪವೂ ಮುಗಿದಿತ್ತು.

“ಗಗನಾ, ಆ ಫೈಲಿನ ಮೊದಲ್ನೇ ಸಾಲು ನೋಡಿದ್ರಾ?”

“ಕೋಟಿ ಸಾಲಿದೆ. ಅಷ್ಟು ತಾಳ್ಮೆ ಯಾರಿಗಿದೆ?”

“ಅದು ನಂದು.” ಅವನ ಕಿವಿ ಮತ್ತೆ ಕೆಂಪಾಯಿತು. “ಹೋದ ವರ್ಷ ವಿಡಿಯೋ ಕಾಲಲ್ಲಿ ನೀವು ಯಾವ್ದಕ್ಕೋ ನಕ್ರಿ. ನಾನಾಗ ಡಬ್ಬಿ ಟೆಸ್ಟ್ ಮಾಡ್ತಿದ್ದೆ. ‘ಗಗನಾ ನಕ್ಕಳು’ ಅಂತ ಟೈಪ್ ಮಾಡ್ದೆ. ಆಮೇಲೆ ನಾಚ್ಕೆಯಾಗಿ ಡಬ್ಬಿನೇ ಡಿಲೀಟ್ ಮಾಡ್ಬಿಟ್ಟೆ. ಉಳಿದಿದ್ದು ಯಾರು ಬರೆದ್ರೋ, ದೇವ್ರಾಣೆ ಗೊತ್ತಿಲ್ಲ. ಮೊದಲನೇದು ಮಾತ್ರ ನಂದೇ. ನಂಗೆ ನೀವಂದ್ರೆ ಅವತ್ತಿಂದ ಇಷ್ಟ.”

ಗಗನಾ ಅವನ ಕಡೆ ತಿರುಗಿದಳು. ಮುಂದಿನ ಮಾತು ಎಲ್ಲೂ ಬರೆದಿರಲಿಲ್ಲ. ಅದೇ ಎಷ್ಟೋ ಹಾಯೆನಿಸಿತು.

“ನೀನು ಎಂಥಾ ಪೆದ್ದ ಕಣೋ! ಇದನ್ನ ಒಂದು ವರ್ಷ ಮುಂಚೆನೇ ಹೇಳೋಕೆ ಏನಾಗಿತ್ತು? ನಂಗೂ ನೀನು ಬೇಕು.”

ಅಷ್ಟರಲ್ಲಿ ಅವಳ ಫೋನು ಕಂಪಿಸಿತು. ಆಫೀಸಿನ ಅಲರ್ಟ್: ‘ಕುಶಾಲ್-ಡಬ್ಬಿ: ಖಾಲಿ. ಸೊನ್ನೆ ಜಿಬಿ.’

“ನಾನು ಮುಟ್ಟಿಲ್ಲ,” ಎಂದ ಕುಶಾಲ್ ಗಾಬರಿಯಿಂದ. “ಯಾರು ಖಾಲಿ ಮಾಡಿದ್ದು?”

“ನೀನೇ. ಇವತ್ತೇ ಖಾಲಿ ಮಾಡಿ ಅಂತ ಸೋಮವಾರ ಹೇಳಿದ್ದೆ. ನೀನು ಶುಕ್ರವಾರ ಮನಸ್ಸಲ್ಲಿದ್ದದ್ದೆಲ್ಲ ಹೇಳಿ ಖಾಲಿ ಮಾಡ್ದೆ.”

ಮೂರನೆಯ ರೈಲು ಬಂತು. ಅವನ ಕೈ ಹಿಡಿದು ಹತ್ತುತ್ತ ಗಗನಾ ನಕ್ಕಳು.