ಮೇಷ್ಟ್ರ ಹನ್ನೊಂದು ದಿನದ ಉಪವಾಸ

"ಅದು ಸತ್ತರೆ ನಾನು ಆ ಮನೇಲಿ ಇದ್ದೂ ಇಲ್ಲದ ಹಾಗೆ, ಮೇಡಂ," ಎಂದು ಆಕೆ ಬಾಗಿಲಲ್ಲೇ ನಿಂತು ಹೇಳಿದಳು.

ಮೇಡಂ ಎಂದರೆ ನಮ್ಮ ಕಟ್ಟಡದ ಎರಡನೇ ಮಹಡಿಯ ಎಕ್ಸ್‌ರೇ ಮೇಡಂ. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ನಿವೃತ್ತರಾದವರು. ಈಗ ಇಡೀ ಕಟ್ಟಡದ ಗುಟ್ಟುಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ನಾನು ಕೆಳಗಿನ ಕ್ಷೌರದಂಗಡಿಯವನು. ಗಿರಾಕಿಗಳಿಲ್ಲದಾಗ ಅವರ ಮನೆಯ ಚಹಾ ಕುಡಿದು, ಅವರಿಂದ ಬೈಸಿಕೊಂಡು, ಕರೆದಲ್ಲಿಗೆ ಹೋಗುವುದು ನನ್ನ ಅಭ್ಯಾಸ.

ಬಂದವಳು ಮೇಲಿನ ಮಹಡಿಯ ಅಚ್ಚಿನ ಪ್ರೆಸ್ಸಿನವನ ಎರಡನೇ ಹೆಂಡತಿ. ಮೊದಲನೆಯವಳು ಸಾಯುವ ಮುಂಚೆ ಮಗಳಿಗೆ ಒಂದು ಗಡ್ಡದ ಓತಿಕ್ಯಾತ ತಂದುಕೊಟ್ಟಿದ್ದಳು. ಮೊಳದುದ್ದ, ಮರಳಿನ ಬಣ್ಣ, ಗಂಟಲ ಸುತ್ತ ಮುಳ್ಳುಮುಳ್ಳು ಗಡ್ಡ. ಅದರ ಗಾಂಭೀರ್ಯ ಕಂಡು ಮೇಷ್ಟ್ರು ಎಂದೇ ಹೆಸರಿಟ್ಟಿದ್ದರು. ಮಗಳ ಶಾಲೆ ಅರ್ಧ ಗಂಟೆ ಬೇಗ ಶುರುವಾದದ್ದರಿಂದ, ಅವಳು ಮಾಡುತ್ತಿದ್ದ, ಬೆಳಿಗ್ಗೆ ಎಂಟೂವರೆಗೆ ಹುಳು ತಿನ್ನಿಸುವ ಕೆಲಸ ಈಕೆಯ ಪಾಲಿಗೆ ಬಂತು. ಅಂದಿನಿಂದಲೇ ಮೇಷ್ಟ್ರು ಊಟ ಬಿಟ್ಟರು. ಹನ್ನೊಂದು ದಿನವಾಗಿತ್ತು. ಹನ್ನೆರಡು ವರ್ಷದ ಆ ಹುಡುಗಿ, "ಇವರೇ ಏನೋ ಹಾಕಿದ್ದಾರೆ" ಎಂದು ಅಪ್ಪನ ಮುಂದೆ ಹೇಳಿ, ಮೇಷ್ಟ್ರು ಸತ್ತರೆ ದೊಡ್ಡಮ್ಮನ ಮನೆಗೆ ಹೊರಟುಹೋಗುವುದಾಗಿ ಹಟ ಹಿಡಿದಿದ್ದಳು. ಅಪ್ಪ ಹೆಂಡತಿಯ ಪರ ನಿಲ್ಲಲಿಲ್ಲ. ಆತನ ಮೇಲೆ ನನಗೆ ಸಿಟ್ಟೇ ಬಂತು.

ನಾವು ಮೇಲೆ ಹೋದಾಗ ಪಶುವೈದ್ಯ ಅಲ್ಲೇ ಇದ್ದ. ಬಾಯಿ, ಹೊಟ್ಟೆ ಎಲ್ಲ ಸರಿಯಿದೆ, ವಿಷದ ಗುರುತಿಲ್ಲ. ಆದರೆ ಬಾಲದ ಬುಡ ಸೊರಗಿದೆ, ನಾಳೆಗೂ ತಿನ್ನದಿದ್ದರೆ ಗಂಟಲಿಗೆ ಕೊಳವೆ ಹಾಕಿ ಉಣಿಸಬೇಕು, ಅದನ್ನು ಈ ಜೀವ ತಡೆಯುವುದು ಅನುಮಾನ ಎಂದ.

"ಬೆಳಿಗ್ಗೆ ನಾನು ಹುಳು ಹಿಡಿದರೆ ಸಾಕು, ಗಡ್ಡ ಇದ್ದಿಲಿನ ಹಾಗೆ ಕಪ್ಪಾಗುತ್ತೆ," ಎಂದಳು ಆಕೆ. ಮೇಡಂ ಅಲ್ಲೇ ಹುಳು ಹಿಡಿದು ತೋರಿಸಲು ಹೇಳಿದರು. ಮೇಷ್ಟ್ರು ತಿನ್ನಲಿಲ್ಲ, ಆದರೆ ಗಡ್ಡ ಮರಳಿನ ಬಣ್ಣದಲ್ಲೇ ಇತ್ತು. ಹನ್ನೊಂದು ದಿನದಲ್ಲಿ ಒಮ್ಮೆಯೂ ತಿಂದಿಲ್ಲವೇ ಎಂದು ಕೇಳಿದಾಗ, ಬುಧವಾರ ಎರಡು ಹುಳು ತಿಂದದ್ದು ಆಕೆಗೆ ನೆನಪಾಯಿತು. ಅಂದು ದಿನವಿಡೀ ಮೋಡ ಕವಿದಿತ್ತು.

ನಾನು ಯಾರನ್ನು ಕಂಡರೂ ಮೊದಲು ತಲೆ ನೋಡುವವನು. "ಇದರ ನೆತ್ತಿ ಮೇಲೆ ಬಿಳಿ ಚುಕ್ಕೆ ಇದೆಯಲ್ಲ," ಎಂದೆ. ಮೇಡಂ ತಟ್ಟನೆ ಕತ್ತೆತ್ತಿದರು. ಮೇಷ್ಟ್ರ ಗೂಡಿನ ನೇರಕ್ಕೆ ಮೇಲೆ, ಬೆಳಕಿಗಾಗಿ ತಾರಸಿಯಲ್ಲಿ ಗಾಜು ಕೂರಿಸಿದ್ದರು. ಗಾಜಿನ ಮೇಲೆಲ್ಲ ಧೂಳು, ಒಂದು ತಟ್ಟೆಯಗಲ ಮಾತ್ರ ಒರೆಸಿದಂತೆ ಸ್ವಚ್ಛ.

ಹೊರಡುವಾಗ ನಲ್ಲಿಯ ಹತ್ತಿರ ಹುಡುಗಿಯ ಸಮವಸ್ತ್ರ ನೆನೆಹಾಕಿತ್ತು. ತೋಳಿನ ಮೊಣಕೈ ಜಾಗದಲ್ಲಿ ಸುಣ್ಣದ ಕಲೆ. ದಿನವೂ ಎಲ್ಲಿ ಒರಗುತ್ತಾಳೋ, ಉಜ್ಜಿ ಉಜ್ಜಿ ಸಾಕಾಗಿದೆ ಎಂದಳು ಆಕೆ. ಮೆಟ್ಟಿಲಲ್ಲಿ ಮೇಡಂ, ಹುಡುಗಿ ನನ್ನ ಅಂಗಡಿ ಮುಂದೆ ಎಷ್ಟು ಹೊತ್ತಿಗೆ ಹಾದುಹೋಗುತ್ತಾಳೆ ಎಂದು ಕೇಳಿದರು. ಮನೆ ಬಿಡುವುದು ಎಂಟೂಕಾಲಿಗಂತೆ. ನನ್ನ ಅಂಗಡಿ ಮುಂದೆ ಏದುಸಿರು ಬಿಡುತ್ತಾ ಓಡುವುದು ಎಂಟೂಮುಕ್ಕಾಲಿಗೆ.

ಮರುದಿನ ಭಾನುವಾರ, ಒಳ್ಳೆಯ ಬಿಸಿಲು. ಎಲ್ಲರೂ ಗೂಡಿನ ಸುತ್ತ ಸೇರಿದರು. ಮೇಡಂ ನನ್ನನ್ನು, ಅದೂ ಹೊಸ ಅಂಗಿಯಲ್ಲಿ, ತಾರಸಿಗೆ ಅಟ್ಟಿದರು. ಎಂಟೂವರೆಗೆ ಸುಣ್ಣ ಬಳಿದ ತಾರಸಿಯಲ್ಲಿ ಮೊಣಕೈ ಊರಿ ಮಲಗಿ ಗಾಜಿನ ಮೇಲೆ ಬಗ್ಗಿದೆ. ಆಕೆ ಹುಳು ಹಿಡಿದಿದ್ದಳು. ಮೇಷ್ಟ್ರು ಒಂದು ಹೆಜ್ಜೆ ಮುಂದಿಟ್ಟಿದ್ದರು. ನನ್ನ ನೆರಳು ಬಿದ್ದದ್ದೇ ತಡ, ಗಡ್ಡ ಉಬ್ಬಿ ಕಪ್ಪಾಯಿತು, ಪ್ರಾಣಿ ನೆಲಕ್ಕೆ ಅಂಟಿಕೊಂಡಿತು.

ಕೆಳಗೆ ಬಂದಾಗ ಮೇಡಂ ವಿವರಿಸುತ್ತಿದ್ದರು. "ವಿಷ ಮೋಡ ನೋಡಿಕೊಂಡು ಕೆಲಸ ಮಾಡಲ್ಲ. ನೆರಳು ಮಾಡುತ್ತೆ. ಇದರ ನೆತ್ತಿ ಮೇಲಿರೋದು ಮಚ್ಚೆ ಅಲ್ಲ, ಮೂರನೇ ಕಣ್ಣು. ಬೆಳಕು, ನೆರಳು ಅಷ್ಟೇ ತಿಳಿಯುತ್ತೆ. ಮೇಲಿಂದ ನೆರಳು ಬಿದ್ದರೆ ಹದ್ದು ಬಂತು ಅಂತ ಲೆಕ್ಕ. ದಿನಾ ಊಟದ ಹೊತ್ತಿಗೇ ಹದ್ದು ಬಂದರೆ ಯಾರು ತಿಂತಾರೆ? ಬಗ್ಗಿ ತಿನ್ನಿಸೋಳಿಗೆ ಅದು ತನ್ನ ನೆರಳೇ ಅನ್ನಿಸಿತು. ಗಾಜು ಒರೆಸಿ, ಮಲಗಿ, ಯಾರೋ ದಿನಾ ನೋಡ್ತಿದ್ರು."

ಯಾರು ಎಂದು ಅವರು ಹೇಳಲಿಲ್ಲ. ಆದರೆ ನನ್ನ ಹೊಸ ಅಂಗಿಯ ಮೊಣಕೈಗಳು ಸುಣ್ಣದಿಂದ ಬೆಳ್ಳಗಾಗಿದ್ದವು. ಆಕೆ ಅವನ್ನು ನೋಡಿದಳು. ದಿನವೂ ಉಜ್ಜುತ್ತಿದ್ದ ಅದೇ ಕಲೆ. ಗಂಡ ಬಾಯಿ ತೆರೆಯುವ ಮುಂಚೆಯೇ ಹೇಳಿಬಿಟ್ಟಳು: "ನಾನೇ. ಬಟ್ಟೆ ಒಣಗಿಸೋಕೆ ಹೋದಾಗ ನಾನೇ ಬಗ್ಗಿ ನೋಡ್ತಿದ್ದೆ. ಮಗೂನ ಏನೂ ಕೇಳ್ಬೇಡಿ."

ಹುಡುಗಿ ತನ್ನ ಮೊಣಕೈಗಳನ್ನು ಕೈಯಿಂದ ಮುಚ್ಚಿಕೊಂಡು ನಿಂತಿದ್ದಳು.

"ಸುಳ್ಳು," ಎಂದಳು ಕೊನೆಗೆ. "ಆ ಹೊತ್ತಲ್ಲಿ ನೀವು ಇಲ್ಲೇ ಇರ್ತಿದ್ರಿ. ನಾನು ದಿನಾ ಮೇಲಿಂದ ನೋಡ್ತಿದ್ದೆ. ನೀವು ಏನೂ ಮಾಡ್ಲಿಲ್ಲ. ತಿನ್ನು ಅಂತ ಬೇಡ್ಕೊಳ್ತಿದ್ರಿ, ಆಮೇಲೆ ಅಳ್ತಿದ್ರಿ." ಅವಳು ಮೊಣಕೈಗಳಿಂದ ಕೈ ತೆಗೆದಳು. "ನೋಡಿದ್ದನ್ನ ನಾನು ಅಪ್ಪಂಗೆ ಹೇಳ್ಲಿಲ್ಲ."

ಮೇಡಂ ನನ್ನ ಕೈಗೆ ಹಳೆಯ ಚಾಪೆ ಕೊಟ್ಟು ಗಾಜು ಮುಚ್ಚಿ ಬರಲು ಕಳಿಸಿದರು. ಮುಚ್ಚಿ ಕೆಳಗಿಳಿದು ಬರುವಷ್ಟರಲ್ಲಿ ಮೇಷ್ಟ್ರ ಗಡ್ಡ ಮತ್ತೆ ಮರಳಿನ ಬಣ್ಣಕ್ಕೆ ತಿರುಗಿತ್ತು. ಅಪ್ಪ ಹುಳು ಹಿಡಿಯುವ ಚಿಮಟವನ್ನು ಮಗಳ ಕೈಗೆ ಕೊಟ್ಟ. ಅವಳು ಒಂದು ಗಳಿಗೆ ಅದನ್ನು ಹಿಡಿದು ನಿಂತು, ಆಮೇಲೆ ಆಕೆಯ ಕಡೆಗೆ ಚಾಚಿದಳು.

"ಚಿಕ್ಕಮ್ಮ, ನೀವೇ ಹಾಕಿ," ಎಂದಳು. ಆಕೆಯನ್ನು ಹಾಗೆ ಕರೆದದ್ದು ಅದೇ ಮೊದಲು.

ಆಕೆಯ ಚಿಮಟದಿಂದ ಹುಳು ಎರಡು ಸಲ ಜಾರಿತು. ಮೂರನೆಯದನ್ನು ಮೇಷ್ಟ್ರು ತಿಂದರು.