ಮಷೀನ್ ತಂದ ಮುನಿಸು

“ಮೈಕ್ ಹಿಡೀರಿ ಮೇಡಮ್.”

ಆ ಧ್ವನಿಗೆ ಶಿವರಂಜನಿ ತಟ್ಟನೆ ತಿರುಗಿದಳು. ಸಿದ್ದಾರೂಢ! ತಾನು ಹಾಡಲು ಬಂದ ಮುಂಡರಗಿ ಕಾಲೇಜಿನ ಕಾರ್ಯಕ್ರಮಕ್ಕೆ ಸ್ಪೀಕರ್ ತಂದವನು ಇವನೇನಾ? ಮುಖ ನೋಡಿ ಐದು ತಿಂಗಳಾಗಿತ್ತು.

ಗದಗಿನಿಂದ ಬಸ್ಸಿನಲ್ಲಿ ನಿಂತೇ ಬಂದ ಕಾಲು ಮೊದಲೇ ಸೋತಿತ್ತು. ‘ಮೇಡಮ್ ಅಂತ… ಇದೊಂದು ಬಾಕಿ ಇತ್ತು!’

ಏಳು ವರ್ಷ ಒಂದೇ ರಾಕ್ ಬ್ಯಾಂಡು. ಅವಳು ಗಂಟಲು ಹರಿಯುವಂತೆ ಹಾಡುತ್ತಿದ್ದಳು, ಅವನು ಹಿಂದೆ ಡ್ರಮ್ಸ್ ಬಾರಿಸುತ್ತಿದ್ದ. ಇಬ್ಬರ ನಡುವೆ ಮದುವೆಯ ಮಾತೂ ಆಗಿತ್ತು. ಅಂಥದ್ದರಲ್ಲಿ ಒಂದು ದಿನ ಅವಳು ಸಿಂಥ್ ಕೀಬೋರ್ಡು, ತಾನೇ ತಾಳ ಹಾಕುವ ಡ್ರಮ್ ಮಷೀನು ತಂದಿಟ್ಟಳು.

“ರಾಕ್ ಸಾಕಾತು. ಇನ್ನ ನ್ಯೂ ವೇವ್, ಸಿಂಥ್‌ಪಾಪ್ ಅಂತ ಮಷೀನಿನ ಹಾಡು ಹಾಡ್ತೀನಿ.”

ಯಾಕೆಂದು ಕೇಳಿದರೆ ಮುಖ ತಿರುಗಿಸಿದಳು.

ಅವನು ಬೆಟಗೇರಿಯ ನೇಕಾರರ ಮನೆಯವನು. “ಪವರ್‌ಲೂಮ್ ಬಂದು ನಮ್ಮಪ್ಪನ ಕೈಮಗ್ಗ ಮೂಲಿಗೆ ಹಾಕ್ತು. ನನ್ನ ಮೂಲಿಗೆ ಹಾಕಾಕ ನೀನ ಮಷೀನ್ ತಂದಿ!” ಎಂದು ಹೋದವನು ತಿರುಗಿ ನೋಡಿರಲಿಲ್ಲ.

ನಿಜವೆಂದರೆ, ಅವಳ ಗಂಟಲಲ್ಲಿ ಗಂಟಾಗಿತ್ತು. ಕೂಗಿದರೆ ದನಿಯೇ ಹೋದೀತು ಎಂದಿದ್ದರು ಡಾಕ್ಟರು. ಡ್ರಮ್ಸಿನ ಅಬ್ಬರವಿಲ್ಲದೆ ಸಣ್ಣ ದನಿಯಲ್ಲಿ ಹಾಡಲು ಈ ಮಷೀನಿನ ಹಾಡೊಂದೇ ದಾರಿಯಾಗಿ ಉಳಿದಿತ್ತು. ಹೇಳಿದರೆ ತನಗಾಗಿ ಅವನೂ ಬಾರಿಸುವುದನ್ನು ಬಿಟ್ಟಾನು ಎಂದು ಬಾಯಿ ಮುಚ್ಚಿಕೊಂಡಳು. ಈಗ ನೋಡಿದರೆ ಡ್ರಮ್ಸ್ ಬಿಟ್ಟು ಸ್ಪೀಕರ್ ಹೊರುತ್ತಿದ್ದಾನೆ! ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು.

ತಾಲೀಮು ಶುರುವಾಯಿತು. ಎರಡನೆಯ ಚರಣಕ್ಕೆ ಅವಳ ಉಸಿರು ಕಟ್ಟಿತು, ಮಷೀನಿನ ತಾಳ ತನ್ನ ಪಾಡಿಗೆ ಮುಂದೆ ಹೋಯಿತು. ಮತ್ತೆ ಹಾಡಿದಳು, ಮತ್ತೆ ತಪ್ಪಿದಳು. ಮೂರನೆಯ ಸಲ ದನಿ ಒಡೆಯಿತು. ಸಾಕಾಗಿ ಸ್ಟೇಜಿನ ಅಂಚಿಗೆ ಕುಳಿತುಬಿಟ್ಟಳು.

ಸಿದ್ದಾರೂಢ ಎದುರಿಗೆ ಬಂದು ನಿಂತ. “ಗಂಟಲಕ್ಕ ಏನಾಗೇತಿ?”

“ಏನಿಲ್ಲ…”

“ಸುಳ್ಳ ಹೇಳಬ್ಯಾಡ! ನೀ ಎಲ್ಲಿ ಉಸಿರು ತಗೋತಿ ಅನ್ನೂದು ನಿನಗಿಂತ ಚಲೋ ನನಗ ಗೊತ್ತೈತಿ.”

ಇನ್ನು ಮುಚ್ಚಿಡುವ ಶಕ್ತಿ ಅವಳಲ್ಲಿರಲಿಲ್ಲ. ಎಲ್ಲ ಹೇಳಿದಳು. ಅವನು ಅವಳ ಪಕ್ಕದಲ್ಲೇ ಕುಳಿತ.

“ಹುಚ್ಚಿ… ನಾ ಡ್ರಮ್ಸ್ ಬಿಟ್ಟಿದ್ದು ಮಷೀನ್ ಬಂತಂತಲ್ಲ. ನಿನಗ ನಾ ಬ್ಯಾಡಾದೆ ಅಂತ ತಿಳ್ಕೊಂಡೆ.”

ಎದ್ದು ಹೋಗಿ ಮಷೀನಿನ ತಾಳ ನಿಲ್ಲಿಸಿದ. ಅದರ ರಬ್ಬರ್ ಗುಂಡಿಗಳನ್ನು ಬೆರಳಿನಿಂದಲೇ ಮೆಲ್ಲಗೆ ಬಾರಿಸತೊಡಗಿದ. “ಹಾಡು.”

ಎರಡನೆಯ ಚರಣಕ್ಕೆ ಮತ್ತೆ ಉಸಿರು ಕಟ್ಟಿತು. ಅವನ ಬೆರಳುಗಳೂ ನಿಂತವು. ಅವಳು ಉಸಿರೆಳೆದುಕೊಳ್ಳುವವರೆಗೆ ಕಾದು ಜೊತೆಗೇ ಹೊರಟವು. ಹಾಡು ಮುಗಿಯುವಷ್ಟರಲ್ಲಿ ಅವಳ ಕೆನ್ನೆ ಒದ್ದೆಯಾಗಿತ್ತು.

“ಸಿದ್ದು… ನೀ ಸಿಟ್ಟಾಗಿ ಮತ್ತ ಹೋದ್ರ, ಕೂಗಿ ಕರಿಯಾಕೂ ನನಗ ದನಿ ಇಲ್ಲ.”

“ಕೂಗುವಷ್ಟು ದೂರ ನಾ ಹೋಗಂಗಿಲ್ಲ ತಗೋ.”