ಉಷಾರಾಣಿಯ ಎರಡು ಇಂಟರ್ನೆಟ್ಟು

"ನೀವು ಮೋಸಗಾರರು ಕಣ್ರಿ! ನಿಮ್ ಡಬ್ಬಿ ಹಚ್ಚಿದ ಮೇಲೆ ಮೊದ್ಲು ಇದ್ದ ಇಂಟರ್ನೆಟ್ಟೂ ಸತ್ತೈತೆ!"

ಫೋನಿನಲ್ಲಿ ಹೀಗೆ ಕೂಗುತ್ತಿದ್ದ ಉಷಾರಾಣಿಗೆ, ತನ್ನ ದನಿಯೇ ಬಾಗಿಲ ಹೊರಗಿನಿಂದಲೂ ಕೇಳುತ್ತಿದೆ ಅನ್ನಿಸಿತು. ತಿರುಗಿ ನೋಡಿದಳು. ಹೊಸ್ತಿಲಾಚೆ ಒಬ್ಬ ಯುವಕ. ಕಿವಿಗೆ ಫೋನು, ಹೆಗಲಿಗೆ ವೈರಿನ ಸುರುಳಿ.

"ಆ ಮೋಸಗಾರ ನಾನೇ ರೀ," ಎಂದ. "ಒಳಗೆ ಬರ್ಲಾ?"

ಉಷಾರಾಣಿಯ ಕಿವಿ ಕೆಂಪಾಯಿತು. ಬರಬೇಡಿ ಎನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ವಿಷಯ ಇಷ್ಟು. ಮನೆಯಲ್ಲೇ ಕೂತು ಗ್ರಾಹಕರ ದೂರು ಕೇಳುವ ಒಂದು ಕೆಲಸ. ಸೋಮವಾರ ಹನ್ನೊಂದಕ್ಕೆ ಸಂದರ್ಶನ. ಕಂಪನಿಯ ಷರತ್ತು: ಒಂದೇ ಕಂಪ್ಯೂಟರಿಗೆ ಎರಡು ಬೇರೆ ಬೇರೆ ಇಂಟರ್ನೆಟ್ ಇರಬೇಕು, ಒಂದು ಹೋದರೆ ಇನ್ನೊಂದು ಹಿಡಿಯಬೇಕು. ಅಪ್ಪ ಉಚ್ಚಂಗೆಪ್ಪನವರ ಷರತ್ತು ಬೇರೆ: "ಕೆಲ್ಸ ಸಿಕ್ರೆ ಚನ್ನಗಿರಿಯವ್ರಿಗೆ ಏನ್ ಹೇಳ್ಬೇಕೋ ನೀನೇ ಹೇಳು. ಸಿಗ್ಲಿಲ್ಲ ಅಂದ್ರೆ ಶ್ರಾವಣಕ್ಕೆ ತಾಂಬೂಲ."

ಚನ್ನಗಿರಿಯವರೆಂದರೆ ಸೋದರಮಾವ ಪರಶುರಾಮ್ ಮತ್ತು ಅವರ ಮಗ ಪ್ರದೀಪ್; ಪ್ರದೀಪನಿಗೆ ಉಷಾರಾಣಿಯನ್ನು ಕೇಳಿದ್ದರು. ಅವರ ಕೇಬಲ್ ವ್ಯವಹಾರ ಇವಳ ಊರು ನ್ಯಾಮತಿಗೂ ಬಂದಿತ್ತು. ಮನೆಯಲ್ಲಿದ್ದ ಮೊದಲ ಇಂಟರ್ನೆಟ್ಟು ಅವರದ್ದೇ. ಎರಡನೆಯದನ್ನು ಹಚ್ಚಿದ ಕಂಪನಿ ದೂರಿಗೆಂದು ಕಳಿಸಿದವನೇ ಈ ಮೋಸಗಾರ.

ಅವನು ಮೇಜಿನ ಕೆಳಗೆ ತೂರಿ, ತಲೆ ಬಡಿಸಿಕೊಂಡು, ಎದ್ದು ಬಂದು ಕಂಪ್ಯೂಟರ್ ಮುಂದೆ ಕೂತ.

"ಎರಡೂ ಡಬ್ಬಿಗೆ ಒಂದೇ ವಿಳಾಸ ಐತ್ರಿ. ಒಂದೇ ಬೀದೀಲಿ ಎರಡು ಮನೆಗೆ ಒಂದೇ ನಂಬರ್ ಇದ್ರೆ ಪೋಸ್ಟ್‌ಮ್ಯಾನ್ ಏನ್ ಮಾಡ್ತಾನೆ?"

"ಮನೆಗೆ ಹೋಗಿ ಮಲ್ಕೊಂತಾನೆ."

ಅವನು ನಕ್ಕ. ಇನ್ನೇನು ವಿಳಾಸ ಬದಲಾಯಿಸಬೇಕು... ಕರೆಂಟು ಹೋಯಿತು!

ಒಂದೂವರೆ ತಾಸು ಕಾದರೂ ಬರಲಿಲ್ಲ. ಬೇರೆ ಕೆಲಸವಿಲ್ಲದೆ ಚಹಾ ಆಯಿತು, ಮಂಡಕ್ಕಿ ಆಯಿತು, ಮಾತಾಯಿತು. ಅವನ ಊರು ಜಗಳೂರು ಕಡೆ; ಈಗ ಹೊನ್ನಾಳಿಯಲ್ಲಿ ರೂಮು. ಹೆಸರು ಜುಂಜಪ್ಪ.

"ತಾತನ ಹೆಸ್ರು," ಎಂದ ಸಂಕೋಚದಿಂದ. "ಫೋನಲ್ಲಿ ಹೇಳಿದ್ರೆ ಎಲ್ರೂ, ಯಜಮಾನ್ರೇ, ನಿಮಗ್ಯಾಕೆ ಈ ವಯಸ್ಸಲ್ಲಿ ಕಂಬ ಹತ್ತೋ ಕೆಲ್ಸ ಅಂತಾರೆ."

"ಚೆನ್ನಾಗೈತೆ ಬಿಡ್ರಿ ಹೆಸ್ರು," ಎಂದಳು. ಎಂದಮೇಲೆ, ನಿಜವಾಗಿಯೂ ಚೆನ್ನಾಗಿದೆ ಅನ್ನಿಸಿ ಗಲಿಬಿಲಿಯಾಯಿತು. 'ಇದೇನೇ ಉಷಾ... ಜುಂಜಪ್ಪ ಅನ್ನೋ ಹೆಸರು ಯಾವತ್ತಿನಿಂದ ಚೆನ್ನಾಗಿರೋದು?'

"ನಾಳೆ ಭಾನುವಾರ ನಂಗೆ ರಜಾ. ಆದ್ರೂ ಬರ್ತೀನಿ ಉಷಾ ಅವ್ರೆ," ಎಂದು ಹೋದ. ಆ ಒಂದು 'ಆದ್ರೂ' ಅವಳನ್ನು ಬೆಳಗಿನವರೆಗೂ ಕಾಡಿತು.

ಭಾನುವಾರ ಬಂದ. ನಗುನಗುತ್ತಲೇ ಬಂದ. ತನ್ನ ಡಬ್ಬಿಯ ವಿಳಾಸ ಬದಲಾಯಿಸಿ ವೈರು ಹಚ್ಚಿದ. ಚನ್ನಗಿರಿಯ ಡಬ್ಬಿ ನಡುಮನೆಯಲ್ಲಿತ್ತು, ಅದಕ್ಕೆ ವೈ-ಫೈ. ಅದನ್ನು ಹುಡುಕಿದಾಗ ಪರದೆಯ ಮೇಲೆ ಅದರ ಹೆಸರು ಮೂಡಿತು:

'ಪ್ರದೀಪ್ ಉಷಾ'.

ಪ್ರದೀಪ್ ನಾಲ್ಕು ತಿಂಗಳ ಹಿಂದೆ ಡಬ್ಬಿ ಹಚ್ಚುವಾಗ ತಾನೇ ಇಟ್ಟ ಹೆಸರದು. ತೆಗಿ ಎಂದರೆ "ಇರ್ಲಿ ಬಿಡೇ" ಎಂದಿದ್ದ. ಬದಲಾಯಿಸುವ ಪಾಸ್‌ವರ್ಡೂ ಅವನ ಬಳಿಯೇ. ಬೈದು ಬೈದು ಸಾಕಾಗಿ ಉಷಾರಾಣಿ ಅದನ್ನು ಓದುವುದನ್ನೇ ಬಿಟ್ಟಿದ್ದಳು.

ಜುಂಜಪ್ಪ ಓದಿದ. ಎರಡು ಸಲ ಓದಿದ.

ಅವಳು ಚಹಾ ತರುವಷ್ಟರಲ್ಲಿ ಅವನು ಎದ್ದು ನಿಂತಿದ್ದ. "ಆಯ್ತು ಮೇಡಂ. ಒಂದು ಹೋದ್ರೆ ಇನ್ನೊಂದು ತಾನೇ ಹಿಡ್ಕೊಂತೈತೆ."

"ಚಹಾ..."

"ಬ್ಯಾಡ್ರಿ."

ಮೇಡಂ?! ಲೋಟ ಹಿಡಿದು ನಿಂತೇ ಇದ್ದಳು. ಬೈದದ್ದು ಈಗ ನೆನಪಾಯಿತೇ? ನಿನ್ನೆಯ ಮಂಡಕ್ಕಿ ಮೆತ್ತಗಿತ್ತೇ? ಒಂದೂ ಬಗೆಹರಿಯಲಿಲ್ಲ. ಚಹಾ ತಾನೇ ಕುಡಿದಳು.

ಸೋಮವಾರ ಹನ್ನೊಂದು. ಪರದೆಯಲ್ಲಿ ಮೂವರು. ಇಪ್ಪತ್ತು ನಿಮಿಷ ಮಾತಾಡಿಸಿ ನಡುವಿನವರು ಹೇಳಿದರು: "ಈಗ ವೈ-ಫೈ ಆಫ್ ಮಾಡಿ. ಮಾತು ನಿಲ್ಲಬಾರದು."

ಮಾಡಿದಳು.

ಮೂರು ಮುಖಗಳೂ ಕಲ್ಲಾದವು. ಒಂದು ಕ್ಷಣ... ಎರಡು... ಮೂರು... ತಾಂಬೂಲದ ತಟ್ಟೆ ಹಿಡಿದ ಚನ್ನಗಿರಿಯ ಅತ್ತೆ ಕಣ್ಣ ಮುಂದೆ ಬಂದುಹೋದರು... ನಾಲ್ಕು...

"ಕೇಳಿಸುತ್ತಿದೆಯಾ ಉಷಾರಾಣಿ?"

"ಕೇಳ್ತೈತೆ ಸಾರ್! ಚೆನ್ನಾಗಿ ಕೇಳ್ತೈತೆ!" ವಾರವಿಡೀ ಅಭ್ಯಾಸ ಮಾಡಿದ್ದ ಪುಸ್ತಕದ ಕನ್ನಡ ಎಲ್ಲಿ ಹೋಯಿತೋ! ಆದರೆ ಅವರು ನಕ್ಕರು. ಸಂಜೆಗೆ ಕೆಲಸ ಖಾತ್ರಿಯಾದ ಸುದ್ದಿ ಬಂತು.

ಮೊದಲ ಫೋನು ಚನ್ನಗಿರಿಗೆ. "ಮಾವ, ಪ್ರದೀಪ್ ನಂಗೆ ಅಣ್ಣ ಇದ್ದಂಗೆ. ಬ್ಯಾರೆ ಹುಡುಗಿ ನೋಡ್ರಿ." ಮಾವ, "ನಿಮ್ಮಪ್ಪಂಗೆ ಕೊಡು" ಎಂದರು. ಅಪ್ಪ ಮಾತು ಉಳಿಸಿಕೊಂಡರು: "ಅವಳು ಹೇಳಿದ್ದೇ ನಂದೂ."

ಎರಡನೆಯದು ಜುಂಜಪ್ಪನಿಗೆ.

"ಒಳ್ಳೇದಾಯ್ತು ಮೇಡಂ. ನಿಮ್ ದೂರು ಕ್ಲೋಸ್ ಮಾಡ್ತೀನಿ. ಓಟಿಪಿ ಬರ್ತೈತೆ, ಹೇಳ್ರಿ."

ಹೇಳಿದಳು. ದೂರು ಕ್ಲೋಸಾಯಿತು. ಎದೆಯೊಳಗೆ ಮಾತ್ರ ಎಲ್ಲವೂ ತೆರೆದೇ ಇತ್ತು.

ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಸಾವಂತ್ರಮ್ಮ ಬಂದು ಪೇಡೆ ಬಾಯಿಗೆ ಹಾಕಿಕೊಂಡರು. "ಕೆಲ್ಸ ಆಯ್ತು. ಮದ್ವಿ ಯಾವಾಗೇ?"

"ಯಾರ ಮದ್ವಿ?"

"ಅಯ್ಯೋ ಕಳ್ಳಿ! ನನ್ ಫೋನಲ್ಲಿ ವೈ-ಫೈ ಒತ್ತಿದ್ರೆ ಮೊದ್ಲು ನಿಮ್ಮಿಬ್ರ ಹೆಸ್ರೇ ಬರ್ತೈತೆ. ಇಡೀ ಬೀದಿಗೇ ಬರ್ತೈತೆ!"

ಉಷಾರಾಣಿ ಪೇಡೆಯ ಡಬ್ಬಿ ಹಿಡಿದು ಹಾಗೇ ನಿಂತಳು. ಭಾನುವಾರ... ಪರದೆ... ಎರಡು ಸಲ ಓದಿದ ಆ ಕಣ್ಣು... 'ಅಯ್ಯೋ ದೇವರೇ!'

ಹುಡುಕಿಕೊಂಡು ಹೋದರೆ, ಜುಂಜಪ್ಪ ಬಸ್ ಸ್ಟ್ಯಾಂಡಿನ ಎದುರು ಕಂಬಕ್ಕೆ ಏಣಿ ಹಾಕಿ ಮೇಲಿದ್ದ. ಚಹಾದಂಗಡಿಯ ಬೆಂಚು ತುಂಬಿತ್ತು.

"ರೀ ಜುಂಜಪ್ಪ! ಇಳೀರಿ ಕೆಳಗೆ!"

"ಕೆಲ್ಸ ಐತೆ ಮೇಡಂ."

"ಇನ್ನೊಂದ್ಸಲ ಮೇಡಂ ಅಂದ್ರೆ ಏಣಿ ತೆಗೀತೀನಿ."

ಬೆಂಚಿನವರು ಲೋಟ ಕೆಳಗಿಟ್ಟರು. ಜುಂಜಪ್ಪ ಇಳಿದ.

"ಆ ಹೆಸ್ರು ಇಟ್ಟೋನು ಅವ್ನು. ನನ್ನ ಕೇಳ್ಲಿಲ್ಲ. ಬೀದಿಯವ್ರು ಓದಿದ್ರು, ಅವ್ರೂ ಕೇಳ್ಲಿಲ್ಲ. ನೀವೂ ಓದಿದ್ರಿ... ನೀವಾದ್ರೂ ಒಂದು ಮಾತು ಕೇಳ್ಬಾರ್ದಿತ್ತಾ?" ಅವಳ ದನಿ ಒಡೆಯಿತು. "ನಿನ್ನೆ ಚನ್ನಗಿರಿಗೆ ಇಲ್ಲ ಅಂತ ಹೇಳಾಯ್ತು."

ಅವನು ಕೈಯಲ್ಲಿದ್ದ ಕಟಿಂಗ್ ಪ್ಲೇಯರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ಕೇಳಿದ್ಮೇಲೆ ನೀವು ಹೂಂ ಅಂದ್ಬಿಟ್ರೆ ಅಂತ ಹೆದ್ರಿಕೆ ಆಯ್ತು ಉಷಾ ಅವ್ರೆ."

"ಹೆದ್ರಿಕೆ ಯಾಕೆ?"

"ಯಾಕಂದ್ರೆ... ಭಾನುವಾರ ನಂಗೆ ರಜಾ ಇರ್ಲಿಲ್ಲ. ರಜಾ ಹಾಕ್ಕೊಂಡು ಬಂದಿದ್ದೆ."

ಉಷಾರಾಣಿಗೆ ನಗು ಬಂತು, ಕಣ್ಣೀರೂ ಬಂತು. ಯಾವುದು ಮೊದಲು ಬಂತೋ ಅವಳಿಗೇ ತಿಳಿಯಲಿಲ್ಲ.

"ಈಗ ಕೇಳ್ಲಾ?" ಎಂದ, ಬೆಂಚಿನತ್ತ ಒಮ್ಮೆ ನೋಡಿ. "ಎಲ್ರೂ ನೋಡ್ತಾವ್ರೆ..."

"ಇರ್ಲಿ. ಕೇಳ್ರಿ."

"ನನ್ನ ಮದ್ವಿ ಆಗ್ತೀರಾ?"

"ಯೋಚ್ನೆ ಮಾಡಿ ಹೇಳ್ತೀನಿ," ಎಂದು ತಿರುಗಿ ನಡೆದಳು.

ಜುಂಜಪ್ಪನ ಮುಖ ಬಾಡಿತು. ನಾಲ್ಕು ಹೆಜ್ಜೆ ಹೋದವಳು ನಿಂತಳು.

"ಮಾಡ್ದೆ," ಎಂದಳು.

"ಏನು?"

"ಯೋಚ್ನೆ."

"ಮತ್ತೆ...?"

"ಹೂಂ ಅಂತ ಬಾಯ್ಬಿಟ್ಟು ಹೇಳ್ಬೇಕೇನ್ರಿ ಇಷ್ಟು ಜನದ ಮುಂದೆ?"

"ಹೇಳಿದ್ರಲ್ಲ!" ಎಂದ ಜುಂಜಪ್ಪ.